ವಿದ್ಯೆಯ ಮನೆ, ಸೇವೆಯ ಮನೆ
(ಅಮೆರಿಕೆಯ ವೈಸ್‌ಮನ್ ಕೇಂದ್ರದ ಚರಿತ್ರೆಯನ್ನು ಕುರಿತು ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮಠಗಳ ಮಹೋತ್ಸವಗಳಲ್ಲಿ ವಿದ್ಯಾದಾನದ ಮಹಿಮೆಯನ್ನು ಕೊಂಡಾಡುವುದು ಅನೂಚಾನವಾಗಿ ನಡೆದುಬಂದ ಪದ್ಧತಿಯಾಗಿದೆ. ಪಾಠಶಾಲೆಗಳೆಷ್ಟು, ಪ್ರಸಾದನಿಲಯಗಳೆಷ್ಟು, ಅಲ್ಲಿ ಓದಿ ಮುಂದೆ ಬಂದ ಪಂಡಿತರೆಷ್ಟು, ಅಧಿಕಾರಿಗಳೆಷ್ಟು ಎಂದು ಲೆಕ್ಕ ಹಾಕಿ ಸಂತೋಷಪಡುವುದೂ ಸಹಜವೇ. ಆದರೆ ಈ ಲೆಕ್ಕದೊಳಗೆ ಎಂದೂ ಬಾರದ ಮಕ್ಕಳು ಪ್ರತಿಯೊಂದು ಊರಿನಲ್ಲಿಯೂ ಇರುತ್ತಾರೆ. ಐದು ವರ್ಷ ತುಂಬಿದರೂ ಮಾತು ಬಾರದ ಮಗು, ಬಳಪವನ್ನು ಹಿಡಿಯಲಾರದ ಮಗು, ಹೆಸರು ಹಿಡಿದು ಕರೆದರೂ ತಿರುಗಿ ನೋಡದ ಮಗು, ಮನೆಯವರೆಲ್ಲರೂ ಜಾತ್ರೆಗೆ ಹೊರಟಾಗ ಅಜ್ಜಿಯ ಜೊತೆಯಲ್ಲಿ ಹಿಂದೆ ಉಳಿಯುವ ಮಗು, ಇಂಥವರನ್ನು ಕಾಣದ ಓಣಿಯೇ ಇಲ್ಲ. ಇವರಿಗೂ ವಿದ್ಯಾಮಂದಿರಕ್ಕೂ ಏನು ಸಂಬಂಧ ಎಂದು ಕೇಳುವವರು ಹಿಂದೆಯೂ ಇದ್ದರು, ಇಂದಿಗೂ ಇದ್ದಾರೆ. ಈ ಪ್ರಶ್ನೆಗೆ ದೂರದೇಶದ ಒಂದು ವಿಶ್ವವಿದ್ಯಾನಿಲಯವು ಕೊಟ್ಟ ಉತ್ತರವೇ ಈ ಉಪನ್ಯಾಸದ ವಿಷಯ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಉತ್ತರಭಾಗದಲ್ಲಿ ವಿಸ್ಕಾನ್ಸಿನ್ ಎಂಬ ಸಂಸ್ಥಾನವಿದೆ. ಸರೋವರಗಳ ನಡುವೆ ನೆಲೆಸಿರುವ ಮ್ಯಾಡಿಸನ್ ಎಂಬ ನಗರವು ಅದರ ರಾಜಧಾನಿ. ಅಲ್ಲಿ 1848ನೆಯ ಇಸವಿಯಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವೊಂದುಂಟು. ಆ ವಿಶ್ವವಿದ್ಯಾನಿಲಯದ ಆವರಣದಲ್ಲಿ 1973ನೆಯ ಇಸವಿಯಲ್ಲಿ ವೈಸ್‌ಮನ್ ಕೇಂದ್ರವೆಂಬ ಒಂದು ಸಂಸ್ಥೆಯು ತನ್ನ ಬಾಗಿಲನ್ನು ತೆರೆಯಿತು. ಶರೀರದ ಅಥವಾ ಬುದ್ಧಿಯ ಬೆಳವಣಿಗೆಯಲ್ಲಿ ನ್ಯೂನತೆಯುಳ್ಳವರ ವಿಷಯದಲ್ಲಿ ಸಂಶೋಧನೆ ಮಾಡುವುದು, ಅವರಿಗೆ ಚಿಕಿತ್ಸೆ ಮತ್ತು ಶಿಕ್ಷಣವನ್ನು ಕೊಡುವುದು, ಅವರ ಸೇವೆಯನ್ನು ಕೈಕೊಳ್ಳತಕ್ಕ ವೈದ್ಯರನ್ನೂ ಉಪಾಧ್ಯಾಯರನ್ನೂ ತಯಾರು ಮಾಡುವುದು, ಈ ಮೂರು ಕೆಲಸಗಳನ್ನು ಒಂದೇ ಸೂರಿನಡಿಯಲ್ಲಿ ನಡೆಸುವುದು ಅದರ ಉದ್ದೇಶ. ಕಟ್ಟಡವು ಎದ್ದದ್ದು 1973ರಲ್ಲಾದರೂ ಅದರ ಅಸ್ತಿಭಾರವು ಬಿದ್ದದ್ದು ಅದಕ್ಕೆ ನಾಲ್ಕು ದಶಕಗಳಷ್ಟು ಹಿಂದೆ, ಬೇರೊಂದು ಖಂಡದಲ್ಲಿ, ಒಬ್ಬ ತಾಯಿಯ ಹಟದಿಂದ. ಆದಕಾರಣ ಕಥೆಯನ್ನು ಅಲ್ಲಿಂದಲೇ ಪ್ರಾರಂಭಿಸುವುದು ಯುಕ್ತವು.

ಯೂರೋಪಿನ ನಾರ್ವೆ ದೇಶದಲ್ಲಿ ಒಬ್ಬ ತಾಯಿಗೆ ಇಬ್ಬರು ಮಕ್ಕಳಿದ್ದರು. ಹಿರಿಯಳು ಹೆಣ್ಣು, ಕಿರಿಯವನು ಗಂಡು. ಹುಟ್ಟಿದಾಗ ಎಲ್ಲ ಮಕ್ಕಳಂತೆಯೇ ಕಂಡ ಇವರಲ್ಲಿ ತಿಂಗಳುಗಳು ಕಳೆದಂತೆ ಬುದ್ಧಿಯ ಬೆಳವಣಿಗೆಯು ಕುಂಠಿತವಾಯಿತು. ಮಕ್ಕಳ ಮೈಯಿಂದ ಒಂದು ವಿಚಿತ್ರವಾದ ವಾಸನೆಯು ಬರುತ್ತಿದ್ದುದನ್ನು ತಾಯಿಯು ಗಮನಿಸಿದಳು. ಆಕೆಯು ವೈದ್ಯರಿಂದ ವೈದ್ಯರಿಗೆ ಅಲೆದಳು. ಕೇಳಿದವರೆಲ್ಲರೂ ಏನೂ ಮಾಡಲಾಗದೆಂದು ಹೇಳಿ ಕಳುಹಿಸಿದರೇ ಹೊರತು ಆ ವಾಸನೆಗೆ ಕಾರಣವೇನೆಂದು ವಿಚಾರಿಸಲಿಲ್ಲ. ಕಡೆಗೆ 1934ನೆಯ ಇಸವಿಯಲ್ಲಿ ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರು ಆಕೆಯ ಮಾತಿಗೆ ಕಿವಿಗೊಟ್ಟರು. ಇವರು ವೈದ್ಯಶಾಸ್ತ್ರದ ಜೊತೆಗೆ ರಸಾಯನಶಾಸ್ತ್ರವನ್ನೂ ಬಲ್ಲವರಾಗಿದ್ದರು. ಮಕ್ಕಳ ಮೂತ್ರಕ್ಕೆ ಕಬ್ಬಿಣದ ಕ್ಲೋರೈಡಿನ ದ್ರಾವಣವನ್ನು ಹಾಕಿದಾಗ ಅದು ಎಂದೂ ಕಾಣದ ಹಸಿರುಬಣ್ಣಕ್ಕೆ ತಿರುಗಿತು. ಮತ್ತೆ ಮತ್ತೆ ಪರೀಕ್ಷಿಸಿ, ಆರೋಗ್ಯವಂತರ ದೇಹದಲ್ಲಿ ಕಾಣದ ಒಂದು ಆಮ್ಲವು ಅದರಲ್ಲಿರುವುದೆಂದು ಅವರು ಗೊತ್ತುಮಾಡಿದರು. ಆಮೇಲೆ ಆಶ್ರಯಗೃಹಗಳಲ್ಲಿದ್ದ 430 ಮಂದಿಯನ್ನು ಪರೀಕ್ಷಿಸಲಾಗಿ ಇನ್ನೂ 8 ಮಂದಿಯಲ್ಲಿ ಅದೇ ಆಮ್ಲವು ಕಂಡುಬಂದಿತು.

ಈ ರೋಗಕ್ಕೆ ಮುಂದೆ ಫಿನೈಲ್‌ಕೀಟೊನ್ಯೂರಿಯಾ ಎಂಬ ಹೆಸರಾಯಿತು. ಇದರ ಸ್ವರೂಪವು ಹೇಗೆಂದರೆ: ಹಾಲು, ಬೇಳೆ ಮೊದಲಾದ ಪುಷ್ಟಿಕರ ಆಹಾರಗಳಲ್ಲಿ ಫಿನೈಲ್‌ಅಲನೀನ್ ಎಂಬ ಅಂಶವಿರುತ್ತದೆ. ಅದನ್ನು ಪರಿವರ್ತಿಸುವ ಕಿಣ್ವವು ಎಲ್ಲರ ಯಕೃತ್ತಿನಲ್ಲಿಯೂ ಇರಬೇಕಾದದ್ದು. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಅದರ ಕೊರತೆಯಿರುತ್ತದೆ. ಆಗ ಆ ಅಂಶವು ರಕ್ತದಲ್ಲಿ ಶೇಖರವಾಗುತ್ತ ಹೋಗಿ ಬೆಳೆಯುತ್ತಿರುವ ಮಿದುಳನ್ನು ಕೆಡಿಸುತ್ತದೆ. ಅಮೆರಿಕೆಯಲ್ಲಿ ಸುಮಾರು 10,000ದಿಂದ 15,000 ಮಕ್ಕಳಿಗೆ ಒಬ್ಬರಲ್ಲಿ ಈ ಕೊರತೆಯು ಕಂಡುಬರುತ್ತದೆ. ತಾಯಿಯು ಪ್ರೀತಿಯಿಂದ ಕುಡಿಸುವ ಹಾಲೇ ಮಗುವಿಗೆ ವಿಷವಾಗುವ ಈ ವಿಪರೀತವನ್ನು ಲೋಕವು ಅಲ್ಲಿಯವರೆಗೆ ಅರಿತಿರಲಿಲ್ಲ. ಆ ಮಕ್ಕಳನ್ನು ಹುಟ್ಟು ದಡ್ಡರೆಂದು ಕರೆದು, ಪಾಪದ ಫಲವೆಂದೋ ಕುಲದ ದೋಷವೆಂದೋ ಬಗೆದು, ಜನರು ಸುಮ್ಮನಾಗಿದ್ದರು. ಬುದ್ಧಿಯ ನ್ಯೂನತೆಗೆ ದೇಹದೊಳಗಿನ ಒಂದು ಗೊತ್ತಾದ ಕಾರಣವಿರಬಹುದು, ಕಾರಣವು ತಿಳಿದರೆ ಪರಿಹಾರವೂ ದೊರೆಯಬಹುದು ಎಂಬ ಆಶೆಯು 1934ರಲ್ಲಿ ಹುಟ್ಟಿತು. ಆದರೆ ಆ ನಾರ್ವೆಯ ತಾಯಿಯ ಮಕ್ಕಳಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಆಕೆಯು ಹಚ್ಚಿದ ದೀಪವು ಬೆಳಗಿದ್ದು ಬೇರೆಯವರ ಮನೆಯನ್ನು.

ಪರಿಹಾರವು ದೊರೆತದ್ದೂ ಮತ್ತೊಬ್ಬ ತಾಯಿಯ ಹಟದಿಂದಲೇ. 1951ನೆಯ ಇಸವಿಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಹಾರ್ಸ್ಟ್ ಬಿಕೆಲ್ ಎಂಬ ವೈದ್ಯರು ಒಂದು ಪುಟ್ಟ ಹೆಣ್ಣುಮಗುವಿನಲ್ಲಿ ಈ ರೋಗವನ್ನು ಗುರುತಿಸಿದರು. ರೋಗದ ಹೆಸರನ್ನು ಹೇಳಿದರೇ ಹೊರತು ಔಷಧವನ್ನು ಹೇಳಲು ಅವರಿಗೂ ತಿಳಿದಿರಲಿಲ್ಲ. ಆ ತಾಯಿಯು ದಿನದಿನವೂ ಬಂದು ನಿಂತು, ನನ್ನ ಮಗುವಿಗೆ ಏನು ಮಾಡುತ್ತೀರಿ ಎಂದು ಕೇಳುತ್ತಿದ್ದಳಂತೆ. ಉತ್ತರ ಹೇಳದೆ ಗತ್ಯಂತರವಿಲ್ಲದೆ ಬಿಕೆಲರು ತಮ್ಮ ಸಹೋದ್ಯೋಗಿಗಳೊಡನೆ ಕೂಡಿ, ಹಾಲಿನ ಸತ್ತ್ವದಿಂದ ಆ ವಿಷವಾಗುವ ಅಂಶವೊಂದನ್ನು ಮಾತ್ರ ಇದ್ದಿಲಿನ ಮೂಲಕ ಸೋಸಿ ತೆಗೆದು, ಉಳಿದುದನ್ನು ಮಗುವಿಗೆ ಆಹಾರವಾಗಿ ಕೊಟ್ಟರು. ಕೆಲವು ತಿಂಗಳುಗಳಲ್ಲಿ ಮಗುವು ತೆವಳತೊಡಗಿತು, ನಿಲ್ಲತೊಡಗಿತು, ಅದರ ಕಣ್ಣಿನಲ್ಲಿ ಬೆಳಕು ಮೂಡಿತು. ಗುಣವು ಆಹಾರದಿಂದಲೇ ಆದದ್ದೆಂದು ಸಾಧಿಸುವುದಕ್ಕಾಗಿ ವೈದ್ಯರು ತಾಯಿಗೆ ತಿಳಿಸದೆ ಆ ಅಂಶವನ್ನು ಪುನಃ ಸೇರಿಸಿದರು. ಕೆಲವೇ ದಿವಸಗಳಲ್ಲಿ ಮಗುವು ಕಲಿತದ್ದನ್ನೆಲ್ಲ ಕಳೆದುಕೊಳ್ಳಹತ್ತಿತು. ಅದನ್ನು ತಾಯಿಯೇ ಕಂಡುಹಿಡಿದಳು. 1953ರಲ್ಲಿ ಈ ಫಲಿತಾಂಶವು ಪ್ರಕಟವಾಗಿ ಲೋಕದಲ್ಲೆಲ್ಲ ಹೆಸರಾಯಿತು. ಚಿಕಿತ್ಸೆಯು ಸಿಕ್ಕಿದ್ದು ಸತ್ಯ. ತಾಯಿಯಿಂದ ಮುಚ್ಚಿಟ್ಟದ್ದೂ ಸತ್ಯ. ಈ ಎರಡನೆಯ ಸತ್ಯವನ್ನೂ ನೆನಪಿನಲ್ಲಿಡುವುದು ಅವಶ್ಯ. ಅದರ ಪ್ರಸ್ತಾಪವು ಮುಂದೆ ಬರುವುದು.

ಆಹಾರದಿಂದ ರೋಗವನ್ನು ತಡೆಯಬಹುದಾದರೂ ಮಿದುಳು ಕೆಡುವ ಮೊದಲೇ ಅದನ್ನು ಗುರುತಿಸಬೇಕಲ್ಲವೇ? ಆ ಉಪಾಯವನ್ನು ಕಂಡುಹಿಡಿದವರು ಅಮೆರಿಕೆಯ ಬಫಲೋ ನಗರದ ರಾಬರ್ಟ್ ಗತ್ರಿ ಎಂಬ ಸೂಕ್ಷ್ಮಜೀವಿಶಾಸ್ತ್ರಜ್ಞರು. ಅವರ ಸ್ವಂತ ಮಗನೊಬ್ಬನು ಬೇರೊಂದು ಕಾರಣದಿಂದ ಬುದ್ಧಿಯ ನ್ಯೂನತೆಯುಳ್ಳವನಾಗಿದ್ದನು. ಹೆಂಡತಿಯ ಸೋದರಿಯ ಮಗಳಿಗೆ ಇದೇ ರೋಗವಿತ್ತು, ಅದು ತಿಳಿಯುವಷ್ಟರಲ್ಲಿ ಕಾಲವು ಮಿಂಚಿಹೋಗಿತ್ತು. ಹುಟ್ಟಿದ ಕೆಲವು ದಿನಗಳೊಳಗೆ ಶಿಶುವಿನ ಹಿಮ್ಮಡಿಯಿಂದ ಒಂದೆರಡು ತೊಟ್ಟು ರಕ್ತವನ್ನು ಹೀರುಕಾಗದದ ಮೇಲೆ ತೆಗೆದುಕೊಂಡು ರೋಗವನ್ನು ಗುರುತಿಸುವ ಅತಿ ಸುಲಭವಾದ, ಅಲ್ಪ ವೆಚ್ಚದ ಪರೀಕ್ಷೆಯನ್ನು ಅವರು 1960ರ ದಶಕದ ಮೊದಲಲ್ಲಿ ರೂಪಿಸಿದರು. ಮುಂದೆ ಅನೇಕ ದೇಶಗಳಲ್ಲಿ ಹುಟ್ಟಿದ ಮಗುವಿಗೆಲ್ಲ ಈ ಬಗೆಯ ಪರೀಕ್ಷೆಯನ್ನು ಮಾಡುವ ಪದ್ಧತಿಯು ಬಂದಿತು. ಹೀಗೆ ತಾಯಿಯೊಬ್ಬಳು ಕೇಳಿದ್ದಕ್ಕೆ ಕಾರಣವು, ಮತ್ತೊಬ್ಬ ತಾಯಿಯು ಕೇಳಿದ್ದಕ್ಕೆ ಔಷಧವು, ತಂದೆಯೊಬ್ಬನು ನೊಂದದ್ದಕ್ಕೆ ಪರೀಕ್ಷೆಯು ಲೋಕಕ್ಕೆ ದೊರೆತವು.

ಈಗ ಮ್ಯಾಡಿಸನ್ ನಗರಕ್ಕೆ ಬರೋಣ. ಹ್ಯಾರಿ ವೈಸ್‌ಮನ್ ಎಂಬವರು ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಕಾನ್ರಾಡ್ ಎಲ್ವೆಹ್ಯೆಮ್ ಎಂಬ ಪ್ರಖ್ಯಾತ ಪಂಡಿತರ ಬಳಿಯಲ್ಲಿ ಜೀವರಸಾಯನಶಾಸ್ತ್ರವನ್ನು ಅಭ್ಯಾಸಮಾಡಿ ಆಹಾರದ ಜೀವಸತ್ತ್ವಗಳ ವಿಷಯದಲ್ಲಿ ಸಂಶೋಧನೆ ನಡೆಸಿದವರು. ಅಷ್ಟಕ್ಕೆ ತೃಪ್ತರಾಗದೆ ವೈದ್ಯಶಾಸ್ತ್ರವನ್ನೂ ಓದಿ ಮಕ್ಕಳ ವೈದ್ಯರಾದರು. ಪ್ರಯೋಗಶಾಲೆಯ ಗಾಜಿನ ನಳಿಗೆಯನ್ನೂ ತೊಟ್ಟಿಲೊಳಗಿನ ಶಿಶುವನ್ನೂ ಒಂದೇ ದೃಷ್ಟಿಯಿಂದ ನೋಡಬಲ್ಲ ಯೋಗ್ಯತೆಯು ಅವರಿಗೆ ಹೀಗೆ ಬಂದಿತು. ಫಿನೈಲ್‌ಕೀಟೊನ್ಯೂರಿಯಾದ ವಿಷಯವು ಅವರ ಜೀವನದ ಮುಖ್ಯ ಉದ್ಯೋಗವಾಯಿತು. 1960ರ ದಶಕದಲ್ಲಿ ಕೆನೆಡಿ ಪ್ರತಿಷ್ಠಾನದ ಧನಸಹಾಯದಿಂದ ಬುದ್ಧಿಯ ನ್ಯೂನತೆಯ ಸಂಶೋಧನೆಗೆಂದೇ ಅಲ್ಲಿ ಪ್ರಯೋಗಶಾಲೆಗಳು ಏರ್ಪಟ್ಟಾಗ ಅವುಗಳ ಮೇಲ್ವಿಚಾರಣೆಯನ್ನು ಅವರೇ ವಹಿಸಿಕೊಂಡರು.

ಕೆನೆಡಿ ಎಂಬ ಹೆಸರು ಇಲ್ಲಿ ಬಂದುದಕ್ಕೆ ಒಂದು ದುಃಖದ ಹಿನ್ನೆಲೆಯುಂಟು. ಮುಂದೆ ಅಮೆರಿಕೆಯ ಅಧ್ಯಕ್ಷರಾದ ಜಾನ್ ಕೆನೆಡಿಯವರಿಗೆ ರೋಸ್‌ಮೆರಿ ಎಂಬ ತಂಗಿಯಿದ್ದಳು. 1918ರಲ್ಲಿ ಜನಿಸಿದ ಆಕೆಯು ಕಲಿಯುವುದರಲ್ಲಿ ಉಳಿದ ಮಕ್ಕಳಿಗಿಂತ ಹಿಂದೆ ಬಿದ್ದಳು. ಐಶ್ವರ್ಯಕ್ಕೆ ಕೊರತೆಯಿಲ್ಲದ ಆ ಮನೆತನದಲ್ಲಿ 1941ನೆಯ ಇಸವಿಯಲ್ಲಿ ವೈದ್ಯರ ಮಾತಿನಂತೆ ಆಕೆಯ ಮಿದುಳಿಗೆ ಶಸ್ತ್ರಚಿಕಿತ್ಸೆಯನ್ನು ಮಾಡಿಸಲಾಯಿತು. ಅದರ ಪರಿಣಾಮವಾಗಿ ಆಕೆಯು ನಡೆಯುವ ಮತ್ತು ಮಾತನಾಡುವ ಶಕ್ತಿಯನ್ನೇ ಬಹುಮಟ್ಟಿಗೆ ಕಳೆದುಕೊಂಡಳು. 1949ರಿಂದ ಮುಂದಕ್ಕೆ ಆಕೆಯ ವಾಸವು ವಿಸ್ಕಾನ್ಸಿನ್ ಸಂಸ್ಥಾನದ ಜೆಫರ್ಸನ್ ಊರಿನಲ್ಲಿ, ಕ್ರೈಸ್ತ ಸಂನ್ಯಾಸಿನಿಯರು ನಡೆಸುತ್ತಿದ್ದ ಆಶ್ರಯಧಾಮದಲ್ಲಾಯಿತು. 2005ರಲ್ಲಿ ಆಕೆಯು ತೀರಿಕೊಳ್ಳುವವರೆಗೂ ಆ ಸಂಸ್ಥಾನವೇ ಆಕೆಯ ಮನೆಯಾಗಿತ್ತು. ಬಹುಕಾಲದವರೆಗೆ ಮನೆತನವು ಈ ಸಂಗತಿಯನ್ನು ಹೊರಗೆ ಆಡಲಿಲ್ಲ. ಶ್ರೀಮಂತರ ಮನೆಯಲ್ಲಿಯೂ ಬಡವರ ಮನೆಯಲ್ಲಿಯೂ ಈ ಮೌನವು ಒಂದೇ ಬಗೆಯದು.

ಆ ಮೌನವನ್ನು ಮುರಿದವರು ರೋಸ್‌ಮೆರಿಯ ತಂಗಿಯಾದ ಯೂನಿಸ್ ಕೆನೆಡಿ ಶ್ರೈವರ್ ಅವರು. 1962ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಒಂದು ಪ್ರಸಿದ್ಧ ವಾರಪತ್ರಿಕೆಯಲ್ಲಿ ತಮ್ಮ ಅಕ್ಕನ ವಿಷಯವನ್ನು ಬಹಿರಂಗವಾಗಿ ಬರೆದು, ಇಂಥ ಮಕ್ಕಳನ್ನು ಬಚ್ಚಿಡುವುದು ತರವಲ್ಲವೆಂದು ಅವರು ಸಾರಿದರು. ಅದಕ್ಕೆ ಒಂದು ವರ್ಷ ಮುಂಚೆ, 1961ರ ಅಕ್ಟೋಬರಿನಲ್ಲಿ, ಅಧ್ಯಕ್ಷ ಕೆನೆಡಿಯವರು ಈ ವಿಷಯವನ್ನು ವಿಚಾರಿಸಲು ಪಂಡಿತರ ಮಂಡಲಿಯೊಂದನ್ನು ನೇಮಿಸಿದ್ದರು. ಅದರ ವರದಿಯನ್ನು ಅನುಸರಿಸಿ 1963ನೆಯ ಇಸವಿ ಅಕ್ಟೋಬರ್ 31ನೆಯ ತಾರೀಖಿನಂದು ಒಂದು ಶಾಸನವು ಅವರ ಸಹಿಯನ್ನು ಪಡೆಯಿತು. ಅದಾದ ಇಪ್ಪತ್ತೆರಡನೆಯ ದಿವಸ ಅಧ್ಯಕ್ಷರು ಗುಂಡೇಟಿಗೆ ಬಲಿಯಾದರು. ಆ ಶಾಸನದಲ್ಲಿ ಮೂರು ಏರ್ಪಾಡುಗಳಿದ್ದವು: ಸಂಶೋಧನೆಗಾಗಿ ಕೇಂದ್ರಗಳನ್ನು ಕಟ್ಟುವುದು, ವಿಶ್ವವಿದ್ಯಾನಿಲಯಗಳಿಗೆ ಹೊಂದಿಕೊಂಡಂತೆ ಚಿಕಿತ್ಸೆ ಮತ್ತು ತರಬೇತಿನ ಆಲಯಗಳನ್ನು ಕಟ್ಟುವುದು, ಜನರು ವಾಸಿಸುವ ಊರುಗಳಲ್ಲಿಯೇ ಸೇವೆಗೆ ಬೇಕಾದ ಮನೆಗಳನ್ನು ಕಟ್ಟುವುದು. ಮೊದಲನೆಯ ಏರ್ಪಾಡಿನಂತೆ ದೇಶದಲ್ಲಿ ಹನ್ನೆರಡು ಸಂಶೋಧನ ಕೇಂದ್ರಗಳು ಎದ್ದವು; ಮ್ಯಾಡಿಸನ್ ನಗರದ ಕೇಂದ್ರವು ಅವುಗಳಲ್ಲಿ ಒಂದು. ವೈಸ್‌ಮನ್ ಅವರು ಅದರ ಸ್ಥಾಪನೆಗಾಗಿ ದುಡಿದರು. ಆದರೆ ಕಟ್ಟಡದ ಬಾಗಿಲು ತೆರೆಯುವುದನ್ನು ಕಾಣುವ ಭಾಗ್ಯವು ಅವರಿಗಿರಲಿಲ್ಲ. 1971ರಲ್ಲಿ ಅವರು ದೈವಾಧೀನರಾದರು. ಎರಡು ವರ್ಷಗಳ ಮೇಲೆ ತೆರೆದ ಕೇಂದ್ರಕ್ಕೆ ಅವರ ಹೆಸರನ್ನೇ ಇಡಲಾಯಿತು.

ಆ ಕಾಲದಲ್ಲಿ ಇಂಥ ಕೇಂದ್ರಗಳ ಅವಶ್ಯಕತೆಯು ಎಷ್ಟಿತ್ತೆಂಬುದನ್ನು ತಿಳಿಯಬೇಕಾದರೆ ಅಂದಿನ ಸರಕಾರಿ ಆಶ್ರಯಗೃಹಗಳ ಸ್ಥಿತಿಯನ್ನು ನೋಡಬೇಕು. 1967ನೆಯ ಇಸವಿಯಲ್ಲಿ ಅಮೆರಿಕೆಯ ಅಂಥ ಗೃಹಗಳಲ್ಲಿ ಸುಮಾರು 1,94,000 ಮಂದಿ ವಾಸವಾಗಿದ್ದರು. ಮಗುವು ಹುಟ್ಟಿದೊಡನೆ, ಇದನ್ನು ಅಲ್ಲಿಗೆ ಕಳುಹಿಸಿ ಮರೆತುಬಿಡಿರಿ ಎಂದು ತಾಯಿತಂದೆಗಳಿಗೆ ವೈದ್ಯರೇ ಉಪದೇಶಿಸುತ್ತಿದ್ದ ಕಾಲವದು. ನ್ಯೂಯಾರ್ಕಿನ ವಿಲೋಬ್ರೂಕ್ ಎಂಬ ಗೃಹವು 4,000 ಜನರಿಗಾಗಿ ಕಟ್ಟಲ್ಪಟ್ಟದ್ದು. 1965ರ ಹೊತ್ತಿಗೆ ಅಲ್ಲಿ ಸುಮಾರು 6,000 ಮಂದಿಯನ್ನು ತುಂಬಲಾಗಿತ್ತು. ಉಡುಗೆಯಿಲ್ಲದೆ, ಆರೈಕೆಯಿಲ್ಲದೆ, ಕಲಿಕೆಯಿಲ್ಲದೆ ಮಕ್ಕಳು ಅಲ್ಲಿ ಕಾಲ ಕಳೆಯುತ್ತಿದ್ದರು. ಅಷ್ಟೇ ಅಲ್ಲ, ಕಾಮಾಲೆರೋಗದ ಸ್ವಭಾವವನ್ನು ತಿಳಿಯುವುದಕ್ಕಾಗಿ ಅಲ್ಲಿಯ ಮಕ್ಕಳಿಗೆ ಬೇಕೆಂದೇ ಆ ರೋಗವನ್ನು ಅಂಟಿಸಿ ಪರೀಕ್ಷಿಸಿದವರೂ ಇದ್ದರು. ಅವರೂ ವಿಶ್ವವಿದ್ಯಾನಿಲಯದ ವೈದ್ಯರೇ. 1972ರಲ್ಲಿ ಆ ಗೃಹದ ಚಿತ್ರಗಳು ದೂರದರ್ಶನದಲ್ಲಿ ಪ್ರಸಾರವಾದಾಗ ದೇಶವೆಲ್ಲ ನಾಚಿತು. 1987ರಲ್ಲಿ ಅದನ್ನು ಮುಚ್ಚಲಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವಿದ್ವಾಂಸನು ಮಗುವಿನ ಬಳಿಗೆ ಬಂದಮಾತ್ರಕ್ಕೆ ಒಳ್ಳೆಯದಾಗುವುದೆಂದು ಹೇಳಲಾಗದು. ಅವನು ಯಾವ ದೃಷ್ಟಿಯಿಂದ ಬರುತ್ತಾನೆಂಬುದು ಮುಖ್ಯ. ಮಗುವನ್ನು ತನ್ನ ವಿದ್ಯೆಗೆ ಸಾಧನವೆಂದು ಬಗೆದು ಬಂದವನಿಂದ ವಿಲೋಬ್ರೂಕಿನಂಥ ಅನ್ಯಾಯವು ಹುಟ್ಟುತ್ತದೆ. ತನ್ನ ವಿದ್ಯೆಯನ್ನು ಮಗುವಿಗೆ ಸಾಧನವೆಂದು ಬಗೆದು ಬಂದವನಿಂದ ಉಪಕಾರವಾಗುತ್ತದೆ. ಬರ್ಮಿಂಗ್‌ಹ್ಯಾಮಿನ ತಾಯಿಯಿಂದ ಮುಚ್ಚಿಟ್ಟ ಪ್ರಯೋಗವು ಈ ಎರಡರ ನಡುವಣ ಗಡಿಯಲ್ಲಿ ನಿಲ್ಲುತ್ತದೆ. ಮ್ಯಾಡಿಸನ್ನಿನ ಚರಿತ್ರೆಯಲ್ಲಿಯೂ ಮನಸ್ಸಿಗೆ ನೋವಾಗುವ ಭಾಗವುಂಟು. ರೋಗದ ಸ್ವರೂಪವನ್ನು ಅರಿಯಲು ವೈಸ್‌ಮನ್ ಅವರೂ ಹ್ಯಾರಿ ಹಾರ್ಲೋ ಎಂಬ ಮನಶ್ಶಾಸ್ತ್ರಜ್ಞರೂ ಕೋತಿಮರಿಗಳಿಗೆ ಫಿನೈಲ್‌ಅಲನೀನನ್ನು ಅಧಿಕವಾಗಿ ತಿನ್ನಿಸಿ, ಅವುಗಳಲ್ಲಿ ರೋಗದ ಲಕ್ಷಣಗಳನ್ನು ಉಂಟುಮಾಡಿ, 1965ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸಕಲ ಜೀವಿಗಳಲ್ಲಿ ಕರುಣೆಯಿರಬೇಕೆಂದು ಬೋಧಿಸುವ ಮಠದ ಅಂಗಳದಲ್ಲಿ ಈ ಸಂಗತಿಯನ್ನು ಮರೆಮಾಡಿ ಹೇಳುವುದು ಸರಿಯಲ್ಲ. ಆ ಮೂಕಪ್ರಾಣಿಗಳ ಋಣವೂ ಈ ವಿದ್ಯೆಯ ಮೇಲಿದೆ.

ಆ ಪ್ರಯೋಗಗಳಿಂದ ತಿಳಿದುಬಂದ ಒಂದು ವಿಷಯವು ಮುಂದೆ ಸಾವಿರಾರು ಶಿಶುಗಳ ಹಣೆಯಬರಹವನ್ನೇ ತಿದ್ದುವಂಥದಾಗಿತ್ತು. ಗರ್ಭಿಣಿಯಾದ ಕೋತಿಗೆ ಆ ಅಂಶವನ್ನು ಹೆಚ್ಚಾಗಿ ಕೊಟ್ಟರೆ, ರೋಗವಿಲ್ಲದ ಮರಿಯೂ ಗರ್ಭದಲ್ಲಿಯೇ ಕೆಡುವುದೆಂದು ವೈಸ್‌ಮನ್ ಮತ್ತು ಅವರ ಜೊತೆಗಾರರು 1968ರಲ್ಲಿ ತೋರಿಸಿದರು. ಇದರ ಅರ್ಥವೇನು? ಶೈಶವದಲ್ಲಿಯೇ ರೋಗವು ಗುರುತಿಸಲ್ಪಟ್ಟು ಪಥ್ಯದಿಂದ ಬುದ್ಧಿವಂತೆಯಾಗಿ ಬೆಳೆದ ಹುಡುಗಿಯು, ಮಿದುಳು ಬೆಳೆದಾಯಿತೆಂದು ಪಥ್ಯವನ್ನು ಬಿಡುತ್ತಾಳೆ. ಅಂದಿನ ವೈದ್ಯರಲ್ಲಿ ಅನೇಕರು ಹಾಗೆಯೇ ಬಿಡಿಸುತ್ತಿದ್ದರು. ಆಮೇಲೆ ಆಕೆಯು ವಿವಾಹವಾಗಿ ಗರ್ಭವತಿಯಾದಾಗ ಆಕೆಯ ರಕ್ತದಲ್ಲಿ ಶೇಖರವಾದ ಆ ಅಂಶವು ಗರ್ಭದ ಶಿಶುವಿನ ಮಿದುಳನ್ನೂ ಹೃದಯವನ್ನೂ ಕೆಡಿಸುತ್ತದೆ. 1980ರ ಹೊತ್ತಿಗೆ ಮನುಷ್ಯರಲ್ಲಿಯೂ ಇದು ನಿಸ್ಸಂದೇಹವಾಗಿ ಸ್ಥಿರಪಟ್ಟಿತು. ಒಂದು ತಲೆಮಾರನ್ನು ಉಳಿಸಿದ ಉಪಕಾರವು ಮುಂದಿನ ತಲೆಮಾರಿಗೆ ಅಪಕಾರವಾಗಿ ತಿರುಗುವ ಸಂದರ್ಭವೊದಗಿತು. ಗರ್ಭಧಾರಣೆಗೆ ಮುಂಚಿನಿಂದಲೇ ಪುನಃ ಪಥ್ಯವನ್ನು ಹಿಡಿದರೆ ಶಿಶುವು ಆರೋಗ್ಯವಾಗಿ ಜನಿಸಬಲ್ಲುದೆಂದು ಮುಂದಿನ ಅಧ್ಯಯನಗಳು ತೋರಿಸಿದವು; ಪಥ್ಯವನ್ನು ಜೀವಮಾನವಿಡೀ ಬಿಡಬಾರದೆಂಬುದು ಇಂದಿನ ವೈದ್ಯರ ಅಭಿಪ್ರಾಯ. ಸೇವೆಯೆಂಬುದು ಒಂದು ದಿನ ಕೊಟ್ಟು ಕೈತೊಳೆದುಕೊಳ್ಳುವ ದಾನವಲ್ಲ, ಒಂದು ಜೀವದೊಡನೆ ಕಡೆಯವರೆಗೂ ನಡೆಯತಕ್ಕ ವ್ರತವು ಎಂಬುದನ್ನು ಈ ಒಂದು ದೃಷ್ಟಾಂತವು ಚೆನ್ನಾಗಿ ತಿಳಿಸುತ್ತದೆ.

ವೈಸ್‌ಮನ್ ಕೇಂದ್ರದ ವಿಶೇಷವು ಇರುವುದು ಈ ತಿಳಿವಳಿಕೆಯಲ್ಲಿಯೇ. ಅಲ್ಲಿ ಒಂದು ಕಡೆ ಪ್ರಯೋಗಶಾಲೆಗಳಿವೆ. ಇನ್ನೊಂದು ಕಡೆ ಚಿಕಿತ್ಸಾಲಯಗಳಿದ್ದು ಮಕ್ಕಳೂ ಪೋಷಕರೂ ಬರುತ್ತಾರೆ. ಮತ್ತೊಂದು ಕಡೆ ಶಿಶುವಿಹಾರವೊಂದಿದ್ದು, ನ್ಯೂನತೆಯುಳ್ಳ ಮಕ್ಕಳೂ ಇಲ್ಲದ ಮಕ್ಕಳೂ ಅಲ್ಲಿ ಒಂದೇ ಕೋಣೆಯಲ್ಲಿ ಕೂಡಿ ಆಡುತ್ತ ಕಲಿಯುತ್ತಾರೆ. ಒಂದೇ ಮನೆಯಲ್ಲಿ ಸಂಶೋಧಕನೂ ಚಿಕಿತ್ಸಕನೂ ವಿದ್ಯಾರ್ಥಿಯೂ ಮಗುವಿನ ತಾಯಿಯೂ ಪರಸ್ಪರ ಸಂಧಿಸುವಂತೆ ಆದದ್ದರಿಂದ, ತಾಯಿಯ ಪ್ರಶ್ನೆಯು ವಿದ್ವಾಂಸನ ಕಿವಿಗೆ ಬೀಳಲು ನಾರ್ವೆಯಲ್ಲಿ ಆದಂತೆ ವರ್ಷಗಟ್ಟಲೆ ಅಲೆಯಬೇಕಾದ ಕಾರಣವಿಲ್ಲ.

ಮಕ್ಕಳು ದೊಡ್ಡವರಾಗುತ್ತಾರೆ, ತಾಯಂದಿರು ಮುದುಕಿಯರಾಗುತ್ತಾರೆ. ಈ ಸಾಮಾನ್ಯವಾದ ಸಂಗತಿಯನ್ನು ಶಾಸ್ತ್ರವು ಬಹುಕಾಲ ಮರೆತಿತ್ತು. ಡೌನ್ ಲಕ್ಷಣವೆಂಬ ನ್ಯೂನತೆಯೊಡನೆ ಹುಟ್ಟಿದವರು ಅಮೆರಿಕೆಯಲ್ಲಿ ಸಾಯುತ್ತಿದ್ದ ವಯಸ್ಸು 1983ರಲ್ಲಿ ಮಧ್ಯಮಾನದಲ್ಲಿ 25 ವರ್ಷವಾಗಿತ್ತು. 1997ರಲ್ಲಿ ಅದು 49 ವರ್ಷಕ್ಕೆ ಏರಿತು. ಆಯುಷ್ಯವು ಹೆಚ್ಚಿದುದು ಸಂತೋಷದ ವಿಷಯವಾದರೂ, ಎಪ್ಪತ್ತು ವರ್ಷದ ತಾಯಿಯು ನಲವತ್ತು ವರ್ಷದ ಮಗನಿಗೆ ಅನ್ನವನ್ನು ಕಲಸಿಕೊಡುವ ಹೊಸ ಪರಿಸ್ಥಿತಿಯು ಅದರಿಂದ ಹುಟ್ಟಿತು. ಮುಂದೆ ಈ ಕೇಂದ್ರದ ನಿರ್ದೇಶಕರೂ ಆದ ಮಾರ್ಷಾ ಮೇಲಿಕ್ ಅವರು 1988ನೆಯ ಇಸವಿಯಲ್ಲಿ ಇಂಥ 461 ಕುಟುಂಬಗಳ ಅಧ್ಯಯನವನ್ನು ಸಂಗಡಿಗರೊಡನೆ ಆರಂಭಿಸಿದರು. 55 ವರ್ಷಕ್ಕೆ ಮೇಲ್ಪಟ್ಟ ತಾಯಂದಿರನ್ನು ಅನೇಕ ವರ್ಷಗಳ ಕಾಲ ಮತ್ತೆ ಮತ್ತೆ ಕಂಡು ಮಾತನಾಡಿಸಿ ಅವರ ಸುಖದುಃಖಗಳನ್ನು ದಾಖಲೆ ಮಾಡಿದರು. ಅವರಲ್ಲಿ ಬಹುಮಂದಿಯು ಕುಗ್ಗಿಹೋಗಿರದೆ ತಮ್ಮ ಸಮವಯಸ್ಕರಂತೆಯೇ ನೆಮ್ಮದಿಯಾಗಿದ್ದುದು ಕಂಡುಬಂದಿತು. 1998ರಲ್ಲಿ ಆಟಿಸಮ್ ಎಂಬ ನ್ಯೂನತೆಯುಳ್ಳವರ 406 ಕುಟುಂಬಗಳ ಅಧ್ಯಯನವೂ ಮೊದಲಾಯಿತು. ಅಲ್ಲಿಯ ತಾಯಂದಿರ ಶರೀರದ ರಸಗಳಲ್ಲಿ ಬಹುದಿನದ ಆಯಾಸದ ಗುರುತುಗಳು ದೊರೆತವು. ತಾನು ಸತ್ತ ಮೇಲೆ ಈ ಮಗುವಿಗೆ ಯಾರು ಗತಿ ಎಂಬ ಚಿಂತೆಯು ದೇಶಭಾಷೆಗಳ ಭೇದವಿಲ್ಲದೆ ಎಲ್ಲ ತಾಯಂದಿರದೂ ಆಗಿದೆ. ಆ ಚಿಂತೆಯನ್ನು ಅಧ್ಯಯನಕ್ಕೆ ಯೋಗ್ಯವಾದ ವಿಷಯವೆಂದು ಒಂದು ವಿಶ್ವವಿದ್ಯಾನಿಲಯವು ಮನ್ನಿಸಿತು ಎಂಬುದೇ ದೊಡ್ಡ ಸಂಗತಿ.

ಇಷ್ಟರಲ್ಲಿ ದೇಶದ ಕಾನೂನುಗಳೂ ಬದಲಾದವು. 1970ನೆಯ ಇಸವಿಯ ಶಾಸನವು ಬುದ್ಧಿಯ ನ್ಯೂನತೆ, ಮಿದುಳಿನ ಪಾರ್ಶ್ವವಾಯು, ಮೂರ್ಛೆರೋಗ ಇವುಗಳನ್ನು ಒಟ್ಟಾಗಿ ಬೆಳವಣಿಗೆಯ ನ್ಯೂನತೆಗಳೆಂದು ಕರೆಯಿತು. 1975ರಲ್ಲಿ ಆಟಿಸಮ್ಮೂ ಅದರೊಳಗೆ ಸೇರಿತು. ಅದೇ 1975ನೆಯ ಇಸವಿಯ ಮತ್ತೊಂದು ಶಾಸನವು ಯಾವ ನ್ಯೂನತೆಯುಳ್ಳ ಮಗುವಿಗಾದರೂ ಸಾರ್ವಜನಿಕ ಪಾಠಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕುಂಟೆಂದು ಸಾರಿತು. ಅಲ್ಲಿಯವರೆಗೆ ಹತ್ತು ಲಕ್ಷ ಮಕ್ಕಳು ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲವೆಂದು ಶಾಸನಸಭೆಯೇ ಒಪ್ಪಿಕೊಂಡಿತು. 1999ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ಜನರ ನಡುವೆ ಬಾಳಬಲ್ಲವರನ್ನು ಕಾರಣವಿಲ್ಲದೆ ಗೃಹಗಳಲ್ಲಿ ಕೂಡಿಹಾಕುವುದು ಪಕ್ಷಪಾತವೆಂದು ತೀರ್ಪಿತ್ತಿತು. 2010ರಲ್ಲಿ, ಹೀನಾಯವಾಗಿ ಪರಿಣಮಿಸಿದ್ದ ಹಳೆಯ ಹೆಸರನ್ನು ಕಾನೂನಿನ ಪುಸ್ತಕಗಳಿಂದ ತೆಗೆದುಹಾಕಿ ಗೌರವದ ಹೆಸರನ್ನು ಇಟ್ಟರು. 1963ರ ಶಾಸನದಿಂದ ಮೊಳೆತ ವಿಶ್ವವಿದ್ಯಾನಿಲಯದ ಸೇವಾಕೇಂದ್ರಗಳು ಇಂದು ಆ ದೇಶದ ಪ್ರತಿಯೊಂದು ಸಂಸ್ಥಾನದಲ್ಲಿಯೂ ಇವೆ. ಸಂಶೋಧನೆಯ ಕೇಂದ್ರವೂ ಸೇವೆಯ ಕೇಂದ್ರವೂ ಒಂದೇ ಮನೆಯಲ್ಲಿ ಇರುವ ಸ್ಥಾನಗಳು ಕೆಲವೇ. ಅಂಥವುಗಳಲ್ಲಿ ವೈಸ್‌ಮನ್ ಕೇಂದ್ರವೊಂದು.

ಹೆಸರುಗಳು ಬದಲಾದುದು ಕೇವಲ ಮಾತಿನ ಅಲಂಕಾರವೆಂದು ತಿಳಿಯಬಾರದು. ನಮ್ಮ ಊರುಗಳಲ್ಲಿಯೂ ಇಂಥ ಮಕ್ಕಳನ್ನು ಕರೆಯುವ ಹೆಸರುಗಳು ಎಷ್ಟು ಕಠೋರವಾದವು ಎಂಬುದು ಎಲ್ಲರಿಗೂ ಗೊತ್ತು. ಕರೆಯುವ ನಾಲಿಗೆಯು ಬದಲಾದ ಹೊರತು ನೋಡುವ ಕಣ್ಣು ಬದಲಾಗದು. ನಮ್ಮ ನಾಡಿನಲ್ಲಿಯೂ ವಿದ್ಯೆ ಮತ್ತು ಸೇವೆಗಳನ್ನು ಒಂದುಗೂಡಿಸಿದ ಸಂಸ್ಥೆಗಳಿಲ್ಲದೆ ಇಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಒಂದು ಕಡೆ ವಿದ್ಯಾರ್ಥಿಗಳು ಶಾಸ್ತ್ರವನ್ನು ಓದುತ್ತಾರೆ, ಮತ್ತೊಂದು ಕಡೆ ಮಾತು ಬಾರದ, ಕಿವಿ ಕೇಳದ ಮಕ್ಕಳನ್ನು ತಾಯಂದಿರು ಕರೆತರುತ್ತಾರೆ. ಭಾರತದ 2016ನೆಯ ಇಸವಿಯ ಕಾಯಿದೆಯು 21 ಬಗೆಯ ನ್ಯೂನತೆಗಳನ್ನು ಹೆಸರಿಸಿ ಅಂಥವರ ಹಕ್ಕುಗಳನ್ನು ಮನ್ನಿಸಿದೆ. ಆದರೆ ಸಂಸ್ಥೆಯು ಮೈಸೂರಿನಲ್ಲಿದ್ದರೂ ಕಾಯಿದೆಯು ಪುಸ್ತಕದಲ್ಲಿದ್ದರೂ, ಮಗುವನ್ನು ಒಳಮನೆಯಿಂದ ಹೊರಗೆ ಕರೆತರುವ ಕೆಲಸವು ಮನೆಯವರದು ಮತ್ತು ನೆರೆಹೊರೆಯವರದು.

ಶರಣಬಂಧುಗಳೇ, ಈ ಚರಿತ್ರೆಯಲ್ಲಿ ವೈದ್ಯರ ಹೆಸರುಗಳು ಬಂದವು, ಅಧ್ಯಕ್ಷರ ಹೆಸರು ಬಂದಿತು. ನಾರ್ವೆಯ ತಾಯಿಯೂ ಬರ್ಮಿಂಗ್‌ಹ್ಯಾಮಿನ ತಾಯಿಯೂ ಹೆಸರಿಲ್ಲದೆಯೇ ಬಂದುಹೋದರು. ಆದರೆ ಅವರು ಬಾಗಿಲನ್ನು ತಟ್ಟದೆ ಇದ್ದಿದ್ದರೆ ಪಂಡಿತರ ಬಾಗಿಲುಗಳು ಇನ್ನೆಷ್ಟು ಕಾಲ ಮುಚ್ಚಿರುತ್ತಿದ್ದವೋ ಬಲ್ಲವರಾರು? ಕಲಿಯಲಾರದ ಮಗುವೆಂದು ಲೋಕವು ಕೈಬಿಟ್ಟ ಮಗುವೇ ಲೋಕದ ವಿದ್ವಾಂಸರಿಗೆ ಪಾಠವನ್ನು ಕಲಿಸಿತು. ಆ ಪಾಠದಿಂದಲೇ ಇಂದು ಹುಟ್ಟುವ ಎಷ್ಟೋ ಶಿಶುಗಳು, ತಾವು ಯಾವ ಅಪಾಯದಿಂದ ಪಾರಾದೆವೆಂಬುದನ್ನು ಕೂಡ ಅರಿಯದೆ, ಶಾಲೆಗೆ ಹೋಗಿ ಓದಿ ಬರೆದು ಬಾಳುತ್ತಿವೆ.

ಆದುದರಿಂದ ಇಲ್ಲಿಂದ ಊರಿಗೆ ಮರಳಿದ ಮೇಲೆ ಪ್ರತಿಯೊಬ್ಬರೂ ಒಂದು ಕೆಲಸವನ್ನು ಮಾಡಬಹುದು. ತಮ್ಮ ಓಣಿಯಲ್ಲಿ ಅಂಥ ಮಗುವಿರುವ ಮನೆಗೆ ಹೋಗಿ, ಆ ತಾಯಿಯ ಹತ್ತಿರ ಕುಳಿತು, ಆಕೆಯು ಹೇಳುವುದನ್ನು ಪೂರ್ತಿಯಾಗಿ ಕೇಳಬಹುದು. ಮುಂದಿನ ಜಾತ್ರೆಗೆ ಆ ಮಗುವನ್ನೂ ಕರೆದುಕೊಂಡು ಬರಬಹುದು. ಪಂಕ್ತಿಯಲ್ಲಿ ತಮ್ಮ ಮಕ್ಕಳ ಪಕ್ಕದಲ್ಲಿಯೇ ಅದನ್ನು ಕೂರಿಸಿ ಪ್ರಸಾದವನ್ನು ಬಡಿಸಬಹುದು. ವಿಶ್ವವಿದ್ಯಾನಿಲಯಗಳು ಬಹು ವೆಚ್ಚದಿಂದ, ಬಹುಕಾಲದ ತಪ್ಪುಗಳಿಂದ ಕಲಿತುಕೊಂಡ ಪಾಠದ ಮೊದಲನೆಯ ಅಕ್ಷರವು ಇದೇ ಆಗಿದೆ.

ಮಂಗಳವಾಗಲಿ.